ಸೊಲ್ಲು ಹಿಡಿಯುವವಳು

ಪ್ರಶ್ನೆ ಕೇಳಿ ಉತ್ತರ ಹೇಳದೆ ಎದ್ದು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೀತಕ್ಕ ನನಗೆ ಮಾಡಿದ್ದು ಅದನ್ನೇ.

ಅದು ಎರಡು ಸಾವಿರದ ಏಳರ ಆಗಸ್ಟ್ ತಿಂಗಳು. ನನ್ನ ಗಂಡ ಸೋಮನಾಥ್ ಎನ್.ಆರ್. ಪುರದ ಬಸ್ ಸ್ಟ್ಯಾಂಡ್ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಕಡಹಿನಬೈಲಿನಲ್ಲಿ ಯಾರದ್ದೋ ಮೋಟಾರಿಗೆ ಹಳ್ಳದ ನೀರು ನುಗ್ಗಿತ್ತು. ಅದನ್ನು ನೋಡಲು ಹೊರಟವರ ಬೈಕಿನ ಹಿಂದೆ ನಾನೂ ಹತ್ತಿ ಕುಳಿತೆ. ಮನೆಯಲ್ಲಿ ಅತ್ತೆಯ ಜೊತೆ ಧಾರಾವಾಹಿ ನೋಡುವುದಕ್ಕಿಂತ ಅದು ವಾಸಿ. ಇವರು ಮೋಟಾರು ಬಿಚ್ಚುತ್ತಾ ಕುಳಿತರು, ನಾನು ಗದ್ದೆಯ ಅಂಚಿಗೆ ಹೋದೆ. ಹನ್ನೊಂದು ಹೆಂಗಸರು ತಲೆಯಿಂದ ಬೆನ್ನಿನವರೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ಸಸಿ ನೆಡುತ್ತಿದ್ದರು. ಯಾರ ಮುಖವೂ ಕಾಣುತ್ತಿರಲಿಲ್ಲ. ಆ ಸಾಲಿನ ನಡುವಿನಿಂದ ಒಂದು ದನಿ ಎದ್ದಿತು.

ಹೆತ್ತಮ್ಮ ಒಂದೂರು, ಹೊತ್ತಮ್ಮ ಒಂದೂರು
ಎರಡೂರ ಕೂಸು ಯಾವುದಮ್ಮ?

ಉಳಿದವರು 'ಯಾವುದಮ್ಮ, ಯಾವುದಮ್ಮ' ಎಂದು ಬಾಲ ಹಿಡಿದರು. ಸರಿ, ಈಗ ಉತ್ತರ ಬರುತ್ತದೆ ಎಂದು ನಾನು ಕಿವಿ ಕೊಟ್ಟು ನಿಂತೆ. ಬರಲಿಲ್ಲ. ಒಂದು ಸಾಲು ಹಾಡುವಷ್ಟು ಹೊತ್ತು ಎಲ್ಲರೂ ಸುಮ್ಮನೆ ನೆಟ್ಟರು. ಆಮೇಲೆ ಅದೇ ದನಿ ಇನ್ನೊಂದು ಪ್ರಶ್ನೆ ಎತ್ತಿತು.

ಹಿಂದಕ್ಕೆ ನಡೆದೋಳು, ಕೆಲಸ ಮುಂದಿಟ್ಟೋಳು
ಅವಳ್ಯಾರು ಹೇಳೆ ನನ್ನಮ್ಮ?

ಮತ್ತೆ ಅಷ್ಟೇ ಹೊತ್ತು ಮೌನ. ಹೀಗೆ ಹದಿನಾಲ್ಕು ಪ್ರಶ್ನೆ. ನಾನು ಬೆರಳು ಮಡಚಿ ಎಣಿಸಿದ್ದೇನೆ. ಒಂದಕ್ಕಾದರೂ ಉತ್ತರವಿಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ಆ ದನಿಯ ಹೆಂಗಸನ್ನು ಹುಡುಕಿ ಹಿಡಿದೆ. ಅರವತ್ತರ ಆಸುಪಾಸು, ಸಣ್ಣ ದೇಹ, ಹೆಸರು ಸೀತಕ್ಕ.

"ಉತ್ತರ ಏನು ಸೀತಕ್ಕ?" ಎಂದೆ.

"ಉತ್ತರ ನಂದಲ್ಲಮ್ಮ. ನಾನು ಸೊಲ್ಲು ಎತ್ತೋಳು. ಹಿಡಿಯೋಳು ಬೇರೆ ಇದ್ಲು, ಚಿಕ್ಕಕ್ಕ ಅಂತ. ಈಗ ನೆಮ್ಮಾರಲ್ಲಿ ಮಗಳ ಮನೇಲಿ ಅವ್ಳೆ."

"ಇಷ್ಟು ವರ್ಷ ಜೊತೇಲಿ ಹಾಡಿದ್ದೀರಿ. ನಿಮಗೂ ಗೊತ್ತಿರಬೇಕಲ್ಲ?"

"ಎತ್ತೋಳು ಹಿಡೀಬಾರ್ದು," ಎಂದು ಸೀತಕ್ಕ ತಟ್ಟೆ ತೊಳೆದು ಗದ್ದೆಗಿಳಿದರು. ಇಳಿಯುವಾಗ ಸೊಂಟಕ್ಕೆ ಕೈ ಕೊಟ್ಟು, "ಇದೇ ಕಡೇ ನಾಟಿ ನಂದು. ಇನ್ನು ಬಗ್ಗಕ್ಕೆ ಆಗಲ್ಲ," ಎಂದರು.

ನನಗೆ ರಾತ್ರಿ ಊಟ ಸೇರಲಿಲ್ಲ. ಇದು ಸುಮ್ಮನೆ ಹೇಳುವ ಮಾತಲ್ಲ. ನನಗೆ ಹಾಡಿನ ಹುಚ್ಚಿದೆ. ಮನೆಯ ಒಳಕೋಣೆಯಲ್ಲಿ ಒಂದು ಹಳೆ ಕಂಪ್ಯೂಟರ್, ಸೊಳ್ಳೆಪರದೆಯ ಕೋಲಿಗೆ ಕಟ್ಟಿದ ಒಂದು ಮೈಕು, ಕಿಟಕಿಗೆ ಒತ್ತಿ ನಿಲ್ಲಿಸಿದ ಎರಡು ಹತ್ತಿಹಾಸಿಗೆ; ನನ್ನ ಸ್ಟುಡಿಯೋ ಅಂದರೆ ಅಷ್ಟೇ. ಹಿಂದಿನ ವರ್ಷ ನನ್ನಜ್ಜಿಯ ಬೀಸುವ ಪದಗಳಿಗೆ ನಾನೇ ಕೀಬೋರ್ಡ್ ನುಡಿಸಿ ಒಂದು ಸಿ.ಡಿ. ಮಾಡಿದ್ದೆ. ಐವತ್ತು ಪ್ರತಿ. ಐವತ್ತಕ್ಕೂ ಹೊದಿಕೆ ಕೈಯಲ್ಲೇ ಬರೆದದ್ದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೆ ಬಳಿಯುವ ಹಾಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ನೀರಿನಲ್ಲಿ ಗೆರೆ ಎಳೆದಿದ್ದೆ. ಒಂದರ ಹಾಗೆ ಇನ್ನೊಂದಿಲ್ಲ. ಕೊಪ್ಪದ ಅಂಗಡಿಯವನೊಬ್ಬ ಅದನ್ನು ತಿರುಗಿಸಿ ನೋಡಿ, "ಪ್ರಿಂಟ್ ಮಾಡಿಸಬಾರದಿತ್ತಾ ಅಕ್ಕ, ಮಕ್ಕಳು ಬಿಡಿಸಿದ ಹಂಗಿದೆ," ಎಂದ. ಅವನ ಅಂಗಡಿಗೆ ನಾನು ಆಮೇಲೆ ಕಾಲಿಟ್ಟಿಲ್ಲ.

ಹಾಗಾಗಿ ಎರಡನೆಯ ಸಿ.ಡಿ.ಗೆ ಈ ಹಾಡೇ ಬೇಕು ಎಂದು ಹಟ ಹತ್ತಿತು. ಸೀತಕ್ಕ ಇನ್ನು ಗದ್ದೆಗೆ ಇಳಿಯುವುದಿಲ್ಲ. ಪ್ರಶ್ನೆಗಳು ಅವರ ಹತ್ತಿರ, ಉತ್ತರ ನೆಮ್ಮಾರಿನ ಚಿಕ್ಕಕ್ಕನ ಹತ್ತಿರ. ಎರಡನ್ನೂ ಹಿಡಿದು ಸೇರಿಸದಿದ್ದರೆ ಹಾಡು ಅರ್ಧಕ್ಕೇ ಹೋಗುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸೋಣವೆಂದರೆ, ಆರು ವರ್ಷದಿಂದ ಅವರಿಗೆ ಮಾತಿಲ್ಲವಂತೆ. ಯಾಕೆ ಎಂದು ಕೇಳಿದರೆ ಸೀತಕ್ಕ, "ಅದೆಲ್ಲ ಎಂತಕ್ಕೆ ಬಿಡಿ," ಎಂದು ಬಾಯಿ ಮುಚ್ಚಿಬಿಟ್ಟರು.

ಡಿಸೆಂಬರಿನಲ್ಲಿ ಸೀತಕ್ಕನನ್ನು ಮನೆಗೆ ಕರೆಸಿದೆ. ಅತ್ತೆ ವೀರಮ್ಮ ಬಾಗಿಲಲ್ಲೇ ಅಡ್ಡ ನಿಂತು, "ಜಗಲಿ ಮೇಲೆ ಹಾಡಿದ್ರೆ ಆಗಲ್ವೇನೇ? ಒಳಕೋಣೆಗೇ ಆಗಬೇಕಾ?" ಎಂದು ಪಿಸುಗುಟ್ಟಿದರು. ನನಗೆ ಸಿಟ್ಟು ನೆತ್ತಿಗೇರಿತು. "ಜಗಲಿ ಮೇಲೆ ಬಸ್ಸಿನ ಹಾರನ್ನು ಹಾಡ್ತದೆ ಅತ್ತೆ, ಸೀತಕ್ಕ ಅಲ್ಲ," ಎಂದು ಸೀತಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಫ್ಯಾನ್ ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ. ಸೀತಕ್ಕ ಕುರ್ಚಿಯಲ್ಲಿ ಕುಳಿತು ಎರಡು ಸಲ ಗಂಟಲು ಸರಿ ಮಾಡಿಕೊಂಡರು. ಹಾಡು ಮಾತ್ರ ಹೊರಡಲಿಲ್ಲ.

"ಕೈಗೆ ಎಂತಾದ್ರೂ ಕೊಡಿ ರಶ್ಮಿಯಮ್ಮ. ಕೈ ಸುಮ್ನಿದ್ರೆ ಬಾಯಿ ಬರಲ್ಲ."

ಅವರೆಕಾಯಿ ಕೊಟ್ಟೆ. ಸುಲಿಯುವ ಚಟಚಟ ಸದ್ದೆಲ್ಲ ಮೈಕಿಗೆ ಬಂತು. ಕೊನೆಗೆ ಅತ್ತೆಯೇ ಒಂದು ಮೊರ ಸೇವಂತಿಗೆ, ಬಾಳೆನಾರು ತಂದು ಮುಂದಿಟ್ಟರು. ಸೀತಕ್ಕ ಕುರ್ಚಿ ಬಿಟ್ಟು ನೆಲಕ್ಕೆ ಕುಳಿತು ಹೂ ಕಟ್ಟುತ್ತಾ ಹದಿನಾಲ್ಕೂ ಪ್ರಶ್ನೆ ಹಾಡಿದರು. ಪ್ರತಿ ಪ್ರಶ್ನೆ ಮುಗಿದ ಮೇಲೆ ಒಂದು ಸಾಲಿನಷ್ಟು ಜಾಗ ಬಿಟ್ಟರು. ಅತ್ತೆ ಬಾಗಿಲಲ್ಲಿ ನಿಂತವರು ಒಳಗೆ ಬಂದು ಕುಳಿತಿದ್ದರು.

ಸೀತಕ್ಕ ಹೋದ ಮೇಲೆ ನಮ್ಮ ಮನೆಯಲ್ಲಿ ಅದೇ ಮಾತು. ಎರಡೂರ ಕೂಸು ಯಾವುದು?

"ಸೊಸೆಯೇ ಕಣೇ, ಇನ್ನೇನು. ಹೆತ್ತೋಳು ಒಂದೂರು, ಹೊತ್ತೋಳು ಇನ್ನೊಂದೂರು. ನಿನ್ನ ಇಷ್ಟು ವರ್ಷ ಹೊತ್ತಿರೋದು ಯಾರು?" ಎಂದರು ಅತ್ತೆ.

"ಮೋಟಾರು ಇರಬೇಕು," ಎಂದರು ನಮ್ಮವರು. "ಮಾಡಿದ್ದು ಕೊಯಮತ್ತೂರು, ಹೊರೋದು ನಾನು."

ನಗು ಬಂತು, ಆದರೆ ತಲೆಯೊಳಗಿನ ಹುಳ ಸಾಯಲಿಲ್ಲ. ಕೊನೆಯ ಪ್ರಶ್ನೆಯಂತೂ ನಿದ್ದೆಯಲ್ಲೂ ಬರುತ್ತಿತ್ತು. 'ಗದ್ದೆಯು ಮುಗಿದಾವು, ಹಾಡಿನ್ನೂ ಮುಗಿದಿಲ್ಲ, ಉಳಿದದ್ದ ಎಲ್ಲಿಡಲಿ ಹೇಳಮ್ಮ?' ಎಲ್ಲಿಡಬೇಕು? ನನಗೂ ಗೊತ್ತಾಗಬೇಕಿತ್ತು.

ಮಾರನೆಯ ದಿನದಿಂದ ರೆಕಾರ್ಡಿಂಗ್ ಶುಚಿ ಮಾಡಲು ಕುಳಿತೆ. ಸೀತಕ್ಕ ಸಾಲಿನ ಕೊನೆಯಲ್ಲಿ ಎಳೆದುಕೊಳ್ಳುವ ಉಸಿರು ಮೈಕಿನಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಸಾಲಿಗೊಂದು, ಕೆಲವು ಕಡೆ ಎರಡು ಮೂರು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದನ್ನೇ ಗುರುತು ಮಾಡಿ ಕತ್ತರಿಸಿದೆ. ಕರೆಂಟು ಹೋದಾಗ ಎದ್ದು ಅಡುಗೆ, ಬಂದಾಗ ಮತ್ತೆ ಉಸಿರು. ಒಂಬತ್ತು ದಿನ ಹಿಡಿಯಿತು. ಕೊನೆಗೆ ಹಾಡು ತೊಳೆದಿಟ್ಟ ಸ್ಟೀಲ್ ಲೋಟದ ಹಾಗಾಯಿತು. ನಮ್ಮವರು ಕೇಳಿ, "ಸಿನಿಮಾದೋರ ಹಂಗೆ ಬಂದಿದೆ ಮಾರಾಯ್ತಿ," ಎಂದರು. ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ಸಿ.ಡಿ., ಅದನ್ನು ಹಾಕಿ ಕೇಳುವ ಒಂದು ವಾಕ್‌ಮನ್, ಹೆಡ್‌ಫೋನ್, ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು ನೆಮ್ಮಾರಿಗೆ ಹೊರಟೆ. ಕೊಪ್ಪಕ್ಕೊಂದು ಬಸ್ಸು, ಶೃಂಗೇರಿಗೊಂದು, ಅಲ್ಲಿಂದ ಇನ್ನೊಂದು. ಚಿಕ್ಕಕ್ಕನ ಮಗಳು ರೇಖಾ ಎಸ್ಟೇಟಿನ ಕೆಲಸಕ್ಕೆ ಹೋಗಿದ್ದಳು. ಚಿಕ್ಕಕ್ಕ ಅಂಗಳದಲ್ಲಿ, ಕಾಡಿನಿಂದ ಹೊತ್ತು ತಂದ ಒಣಗಿದೆಲೆಯನ್ನು ಕೊಟ್ಟಿಗೆಗೆ ಹಾಸಲು ಹರಡುತ್ತಿದ್ದರು. ಎತ್ತರದ ಹೆಂಗಸು, ನೆಟ್ಟಗಿನ ಬೆನ್ನು.

"ಸೀತಕ್ಕನ ಹಾಡು ತಂದಿದ್ದೇನೆ," ಎಂದೆ.

"ಯಾವ ಸೀತ?" ಎಂದರು, ಎಲೆಯಿಂದ ಕಣ್ಣೆತ್ತದೆ.

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಇಬ್ಬರೂ ಮುಖ ನೋಡಬೇಕಾಗಿಲ್ಲ, ಮಾತಾಡಬೇಕಾಗಿಲ್ಲ, ಸೀತಕ್ಕ ಅಲ್ಲಿ ಹಾಡಿದ್ದಾರೆ, ನೀವು ಇಲ್ಲಿ ಹಾಡಿ, ನಾನು ಕಂಪ್ಯೂಟರಿನಲ್ಲಿ ಸೇರಿಸುತ್ತೇನೆ. ಚಿಕ್ಕಕ್ಕ ಕೈ ಕೊಡವಿಕೊಂಡು ಹತ್ತಿರ ಬಂದರು.

"ಎರಡು ಕಡೆ ಹಾಡಿದ್ದು ಒಂದಾಗ್ತದಾ?"

"ಆಗ್ತದೆ."

"ನೋಡುವ," ಎಂದು ಕಟ್ಟೆಯ ಮೇಲೆ ಕುಳಿತರು. ಕಿವಿಗೆ ಹೆಡ್‌ಫೋನ್ ಹಾಕಿದೆ, ರೆಕಾರ್ಡರ್ ಮುಂದೆ ಹಿಡಿದೆ. ಮೊದಲ ಪ್ರಶ್ನೆ ಮುಗಿಯಿತು. ಚಿಕ್ಕಕ್ಕ ಬಾಯಿ ತೆರೆದರು, ದನಿ ಹೊರಡಲಿಲ್ಲ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಹೆಡ್‌ಫೋನ್ ತೆಗೆದು ನನ್ನ ಮಡಿಲಿಗಿಟ್ಟರು.

"ಇದು ಸೀತ ಅಲ್ಲ."

"ಸೀತಕ್ಕನೇ. ನನ್ನ ಕಣ್ಣೆದುರೇ ಹಾಡಿದ್ದು."

"ಮತ್ತೆ ಉಸಿರೆಲ್ಲಿ?"

ನನಗೆ ಅರ್ಥವಾಗಲಿಲ್ಲ. ಚಿಕ್ಕಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ಗದ್ದೇಲಿ ಕೊಪ್ಪೆ ಹೊದ್ದು ಬಗ್ಗಿರ್ತೇವೆ. ನಾನು ಅವಳ ಮುಖ ನೋಡಿ ಹಿಡೀತೇನಾ? ಸೊಲ್ಲು ಮುಗಿಸಿ ಅವಳು ಉಸಿರೆಳೀತಾಳೆ. ಅದು ಕೇಳಿದ ಕೂಡ್ಲೆ ನಂದು ಶುರು. ಮೂವತ್ತು ವರ್ಷ ಹಂಗೇ ಹಿಡಿದದ್ದು. ಉಸಿರೇ ಇಲ್ಲದೋಳಿಗೆ ನಾನು ಎಂತ ಉತ್ತರ ಕೊಡ್ಲಿ?"

ಒಂಬತ್ತು ದಿನದ ಕೆಲಸ. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ. ಅವನು ಪಾಪ, ಚೀಲ ದಾರಿ ಬಿಟ್ಟು ಇಡಿ ಎಂದಿದ್ದ ಅಷ್ಟೇ. ಮನೆಗೆ ಬಂದವಳೇ ಕಂಪ್ಯೂಟರ್ ಹಚ್ಚಿದೆ. ಪುಣ್ಯಕ್ಕೆ ಮೂಲ ರೆಕಾರ್ಡಿಂಗ್ ಅಳಿಸಿರಲಿಲ್ಲ. ಅದನ್ನೇ ಇದ್ದ ಹಾಗೆ ಇನ್ನೊಂದು ಸಿ.ಡಿ.ಗೆ ಹಾಕಿ, ಎಂಟು ದಿನ ಬಿಟ್ಟು ಮತ್ತೆ ಮೂರು ಬಸ್ಸು ಹತ್ತಿದೆ. ಆ ಉತ್ತರಗಳಿಲ್ಲದೆ ನನಗೆ ಬೇರೆ ಕೆಲಸವೇ ಓಡುತ್ತಿರಲಿಲ್ಲ.

ಈ ಸಲ ಚಿಕ್ಕಕ್ಕ ಕೈಕಾಲು ತೊಳೆದು, ತಲೆ ಬಾಚಿ ಕಾಯುತ್ತಿದ್ದ ಹಾಗೆ ಕಂಡಿತು. ಹೆಡ್‌ಫೋನ್ ತಾವೇ ಹಾಕಿಕೊಂಡರು. ಮೊದಲ ಪ್ರಶ್ನೆಗೇ ಮುಖ ಸಡಿಲವಾಯಿತು, "ಹ್ಞಾ, ಇವಳೇ," ಎಂದರು. ಆದರೆ ಹಾಡಲಿಲ್ಲ. ಕೈ ಎತ್ತಿ ನನ್ನನ್ನು ತಡೆದು ಕೇಳುತ್ತಾ ಹೋದರು. ಐದನೆಯ ಪ್ರಶ್ನೆಗೆ ಹುಬ್ಬು ಗಂಟಿಕ್ಕಿತು. ಏಳನೆಯದನ್ನು ಮತ್ತೊಮ್ಮೆ ಹಾಕಿಸಿಕೊಂಡರು.

"ಇದು ಯಾವಾಗಿಂದ?"

"ಯಾವುದು?"

"ಉಸಿರಿನ ಬುಡದಲ್ಲಿ ಸಿಳ್ಳೆ ಉಂಟಲ್ಲ, ಅದು."

ನಾನು ಹೆಡ್‌ಫೋನ್ ಕಿವಿಗಿಟ್ಟು ಕೇಳಿದೆ. ಇತ್ತು. ಪ್ರತಿ ಉಸಿರಿನ ಕೊನೆಗೆ ದಾರದಷ್ಟು ಸಣ್ಣಗೆ ಒಂದು ಸಿಳ್ಳೆ. ಮೊದಮೊದಲು ಒಂದೇ ಉಸಿರಿಗೆ ಮುಗಿಯುತ್ತಿದ್ದ ಸಾಲು, ಬರುತ್ತಾ ಬರುತ್ತಾ ಮೂರು ಕಡೆ ತುಂಡಾಗಿತ್ತು. ಇಂಥ ಎಷ್ಟೋ ಉಸಿರನ್ನು ನಾನೇ ಕೈಯಾರೆ ಕತ್ತರಿಸಿ ಬಿಸಾಡಿದ್ದೆ, ಒಂದನ್ನೂ ಕೇಳಿರಲಿಲ್ಲ. ಬಗ್ಗಕ್ಕೆ ಆಗಲ್ಲ ಎಂದಿದ್ದನ್ನು ಸೊಂಟ ನೋವು ಎಂದುಕೊಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನಮ್ಮಪ್ಪಂಗೂ ಹಿಂಗೇ ಇತ್ತು," ಎಂದರು ಚಿಕ್ಕಕ್ಕ. "ಎರಡು ಮಳೆಗಾಲ ದಾಟಲಿಲ್ಲ."

ನಾನು ಅಂಜುತ್ತಾ, "ಈಗ ಹಾಡ್ತೀರಾ?" ಎಂದೆ.

"ಇದ್ರೊಳಗೆ ಹಾಡಿದ್ರೆ ಅವಳಿಗೆ ಈಗಲೇ ಕೇಳ್ತದಾ?"

"ಇಲ್ಲ. ನಾನು ಮನೆಗೆ ಹೋಗಿ ಸೇರಿಸಿ, ಆಮೇಲೆ..."

ಆಮೇಲೆ ಎನ್ನುವುದನ್ನು ಕೇಳಲು ಚಿಕ್ಕಕ್ಕ ಅಲ್ಲಿರಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ ಬಂದರು, ಪಕ್ಕದ ಮನೆಯವರಿಗೆ ಕರುವಿಗೆ ನೀರಿಡಲು ಹೇಳಿದರು, "ಬಸ್ಸು ಎಷ್ಟು ಹೊತ್ತಿಗೆ?" ಎಂದು ನನ್ನನ್ನೇ ಕೇಳಿದರು.

ಶೃಂಗೇರಿ ದಾಟುವವರೆಗೂ ನಾನು ನಾಲಿಗೆ ಬಿಗಿ ಹಿಡಿದಿದ್ದೆ. ಮುಂದೆ ಆಗಲಿಲ್ಲ. ಮಾತು ಬಿಟ್ಟದ್ದು ಯಾಕೆ ಎಂದು ಕೇಳಿಯೇಬಿಟ್ಟೆ.

"ನಾಟಿ ದಿನ ಮೊಮ್ಮಗಳಿಗೆ ಜ್ವರ ಬಂದಿತ್ತು. ಬೈಲಿಗೆ ಬರುವಾಗ ಹೊತ್ತೇರಿತ್ತು. ಗದ್ದೆ ಅಂಚಿಗೆ ಬರೋ ಮೊದಲೇ ಸೊಲ್ಲು ಕೇಳ್ತು. ನನ್ನ ಕಾಯದೆ ಎತ್ತಿದ್ದಾಳೆ. ಯಾರೋ ಹಿಡೀತಿದ್ದಾರೆ, ಅದೂ ತಪ್ಪು ತಪ್ಪು ಹಿಡೀತಿದ್ದಾರೆ. ನಾನು ಅಲ್ಲಿಂದಲೇ ತಿರುಗಿದೆ."

"ಅಷ್ಟೇನಾ?" ಬಾಯಿ ತಪ್ಪಿ ಬಂತು.

"ಅಷ್ಟೇ," ಎಂದು ಚಿಕ್ಕಕ್ಕ ಕಿಟಕಿಯ ಕಡೆ ತಿರುಗಿದವರು ಕೊಪ್ಪ ಬರುವವರೆಗೂ ಈಚೆ ನೋಡಲಿಲ್ಲ. ಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಒಂದು ಕಟ್ಟು ವೀಳ್ಯದೆಲೆ ಕೊಂಡರು. ಸೀತಕ್ಕನಿಗಾ ಎಂದರೆ, "ನಾನು ಎಲೆ ತಿನ್ನಬಾರದಾ?" ಎಂದು ನನ್ನನ್ನೇ ದಬಾಯಿಸಿದರು.

ಕಡಹಿನಬೈಲು ತಲುಪುವಾಗ ಮಧ್ಯಾಹ್ನ ಮೂರೂವರೆ. ಸೀತಕ್ಕ ಬಾಗಿಲ ಮುಂದೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ನಮ್ಮನ್ನು ಕಂಡರು, ಏಳಲಿಲ್ಲ. ಚಿಕ್ಕಕ್ಕನೂ ಬಂದೆ ಎನ್ನಲಿಲ್ಲ. ಇವರು ಇಲ್ಲಿಂದಲೂ ತಿರುಗಿಬಿಟ್ಟರೆ ಏನು ಗತಿ ಎಂದು ನಾನು ದಾರಿಗೆ ಅಡ್ಡ ನಿಂತೆ.

"ಉಸಿರು ತಗಳಕ್ಕೂ ಬರಲ್ವೇನೇ ಈಗ ನಿಂಗೆ?" ಎಂದರು ಚಿಕ್ಕಕ್ಕ.

"ನೀ ಬಂದು ಕಲಿಸ್ಲಿ ಅಂತ ಬಿಟ್ಟಿದ್ದೆ," ಎಂದರು ಸೀತಕ್ಕ.

ಚಿಕ್ಕಕ್ಕ ಅವರ ಪಕ್ಕದಲ್ಲಿ ಕುಳಿತು, ಎಲೆಯ ಕಟ್ಟು ಬಿಚ್ಚಿ ಒಂದೊಂದೇ ಎಲೆ ಸೆರಗಿಗೆ ಒರೆಸತೊಡಗಿದರು. ನಾನು ರೆಕಾರ್ಡರ್ ಹುಡುಕಲು ಚೀಲಕ್ಕೆ ಕೈ ಹಾಕಿದ್ದೆ ಅಷ್ಟೇ, ಹಾಡು ಶುರುವಾಗಿಯೇಬಿಟ್ಟಿತು. ಹೆತ್ತಮ್ಮ ಒಂದೂರು, ಹೊತ್ತಮ್ಮ ಒಂದೂರು. ದನಿ ಸೀತಕ್ಕನದಲ್ಲ. ಎತ್ತಿದ್ದು ಚಿಕ್ಕಕ್ಕ.

ತಪ್ಪಾಯಿತಲ್ಲ, ಇವರು ಹಿಡಿಯುವವರಲ್ಲವೇ ಎಂದು ನಾನು ತಲೆ ಎತ್ತಿದೆ. ಆಮೇಲೆ ಹೊಳೆಯಿತು. ಪ್ರಶ್ನೆಯ ಸಾಲು ಉದ್ದ, ಉತ್ತರ ಗಿಡ್ಡ. ಉದ್ದದ್ದನ್ನು ಚಿಕ್ಕಕ್ಕ ತಮ್ಮ ಎದೆಗೆ ತೆಗೆದುಕೊಂಡಿದ್ದರು.

ಸಾಲು ಮುಗಿಸಿ ಚಿಕ್ಕಕ್ಕ ಉಸಿರೆಳೆದರು. ಸೀತಕ್ಕ ತಲೆ ಬಗ್ಗಿಸಿಕೊಂಡೇ ಹಿಡಿದರು.

ಅಗೆಮಡಿಯ ಸಸಿಯೇ ಕೇಳಮ್ಮ.

ಹುಟ್ಟಿದ್ದು ಒಂದು ಮಡಿ, ಬೆಳೆಯುವುದು ಇನ್ನೊಂದು ಗದ್ದೆ. ಐದು ತಿಂಗಳು ತಲೆ ಕೆಡಿಸಿದ ಒಗಟು ಇಷ್ಟೇ. ಹಿಂದಕ್ಕೆ ನಡೆದು ಕೆಲಸ ಮುಂದಿಟ್ಟವಳು ನಾಟಿಯವಳು. ನಾನು ಅಂದು ನೋಡುತ್ತಲೇ ನಿಂತಿದ್ದೆನಲ್ಲ! ಚಿಕ್ಕಕ್ಕ ಕೇಳುತ್ತಾ ಹೋದರು, ಸೀತಕ್ಕ ಹೇಳುತ್ತಾ ಹೋದರು. ಎಲ್ಲಿಯೂ ತಡವರಿಸಲಿಲ್ಲ, ಒಂದು ಪದ ಹಿಂದುಮುಂದಾಗಲಿಲ್ಲ. ಸಿಳ್ಳೆ ಬಂದಾಗ ಚಿಕ್ಕಕ್ಕ ಅವಸರ ಮಾಡಲಿಲ್ಲ. ಎಲೆ ಒರೆಸುತ್ತಾ, ಆ ಉಸಿರು ಪೂರ್ತಿ ಒಳಗೆ ಹೋಗಿ ಹೊರಗೆ ಬರುವವರೆಗೆ ಕಾದು, ಆಮೇಲೆ ಮುಂದಿನದನ್ನು ಎತ್ತಿದರು. ಕೊನೆಯ ಪ್ರಶ್ನೆ ಬಂತು. ಉಳಿದದ್ದ ಎಲ್ಲಿಡಲಿ ಹೇಳಮ್ಮ?

ನಿನ್ನಲ್ಲಿ ಅರ್ಧ, ನನ್ನಲ್ಲಿ ಅರ್ಧ.

ನನ್ನ ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಹದಿನಾಲ್ಕೂ ಉತ್ತರ ಈ ಹೆಂಗಸಿಗೆ ಗೊತ್ತಿತ್ತು. ಗದ್ದೆಯ ಅಂಚಿನಲ್ಲಿ ಕೇಳಿದ ದಿನವೂ ಗೊತ್ತಿತ್ತು, ನನ್ನ ಕೋಣೆಯಲ್ಲಿ ಹೂ ಕಟ್ಟುವಾಗಲೂ ಗೊತ್ತಿತ್ತು.

"ಸೀತಕ್ಕ, ಇದನ್ನು ಆವತ್ತೇ ಹೇಳಬಹುದಿತ್ತಲ್ಲ ನೀವು," ಎಂದೆ. "ಎಷ್ಟು ಬಸ್ಸು ಹತ್ತಿ ಇಳಿದಿದ್ದೇನೆ ಗೊತ್ತಾ ನಾನು?"

ಚಿಕ್ಕಕ್ಕ ಮಡಚಿ ಕೊಟ್ಟ ಎಲೆಯನ್ನು ಸೀತಕ್ಕ ಬಾಯಿಗಿಟ್ಟು, ದವಡೆಗೆ ಸರಿಸಿ, ನನ್ನ ಮುಖ ನೋಡಿದರು.

"ಹೇಳಿದ್ರೆ ನೀವು ನೆಮ್ಮಾರಿಗೆ ಹೋಗ್ತಿದ್ರಾ ರಶ್ಮಿಯಮ್ಮ?"